ಬೆಸುಗೆ ಕಾಣದ ಕನ್ನಡಿ

ಜೂನ್ 24, 2024, ಸೋಮವಾರ

ಶಿಕಾಗೋದ ಮಿಲೇನಿಯಂ ಪಾರ್ಕಿನಲ್ಲಿ ಶಿಲ್ಪಿ ಅನೀಶ್ ಕಪೂರ್ ಅವರ ‘ಕ್ಲೌಡ್ ಗೇಟ್’ ಎಂಬ ಕನ್ನಡಿ ಮೈಯ ಉಕ್ಕಿನ ಶಿಲ್ಪ ನಿಂತಿರುವ ಅಂಗಳ ನಿನ್ನೆ ಮತ್ತೆ ತೆರೆಯಿತು. ಕಳೆದ ಆಗಸ್ಟಿನಿಂದ ಬೇಲಿ ಹಾಕಿ ನೆಲಹಾಸು, ಮೆಟ್ಟಿಲು, ನೀರು ಇಳಿಯದಂತೆ ತಡೆಯುವ ಪದರ ಎಲ್ಲವನ್ನೂ ಹೊಸದಾಗಿ ಹಾಕಿದ್ದಾರೆ. ನೀರಿಗೆ ಇಷ್ಟು ಹೆದರಿಕೆ ಏಕೆಂದರೆ ಅದು ನೆಲವೇ ಅಲ್ಲ, ಸೂರು. ಕೆಳಗೆ ಹೋಟೆಲಿದೆ, ವಾಹನ ನಿಲ್ಲಿಸುವ ನೆಲಮಾಳಿಗೆ ಇದೆ.

ಆ ಸೂರಿನ ಮೇಲಿನ ಭಾರವನ್ನು ಮೊದಲು ಲೆಕ್ಕ ಹಾಕಿದ್ದು ಸುಮಾರು 60 ಟನ್. ಕೆಲಸ ಮುಗಿದಾಗ ಆದದ್ದು 110 ಅಮೆರಿಕನ್ ಟನ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 1 ಲಕ್ಷ ಕಿಲೋ. ಅದಕ್ಕಾಗಿ ಕೆಳಗಿನ ಗೋಡೆ, ಅಡಿಪಾಯಗಳನ್ನು ಬಲಪಡಿಸಬೇಕಾಯಿತು. ಸಾರ್ವಜನಿಕ ಶಿಲ್ಪದ ಖರ್ಚು ಅಂದಾಜು ಮೀರುವುದು ಬಹುಪಾಲು ಇಂಥ ಕಡೆಯೇ. ಮಾದರಿಯ ಅಂದ ಎಲ್ಲರೂ ನೋಡುತ್ತಾರೆ. ತೂಕ ಎಲ್ಲಿಗೆ ಇಳಿಯುತ್ತದೆ ಎಂದು ಕೇಳುವವರು ಕಡಿಮೆ.

ಜನ ಅದನ್ನು ಕರೆಯುವುದು ‘ಬೀನ್’ ಎಂದು. ನಮ್ಮ ಕಣ್ಣಿಗೆ ಅಲಸಂದೆ ಕಾಳು. ಸುಮಾರು 20 ಮೀಟರ್ ಉದ್ದ, 13 ಮೀಟರ್ ಅಗಲ, 10 ಮೀಟರ್ ಎತ್ತರ. ಹೊರಮೈ 168 ಸ್ಟೇನ್‌ಲೆಸ್ ಸ್ಟೀಲ್ ಫಲಕಗಳದ್ದು, ಒಂದೊಂದೂ ಹತ್ತಿರ ಹತ್ತಿರ 10 ಮಿ.ಮೀ. ದಪ್ಪ, 450ರಿಂದ 900 ಕಿಲೋ ತೂಕ. ಇಷ್ಟು ದಪ್ಪ ಬೇಕೇ ಎಂದರೆ, ಬೇಕು. 2 ಅಥವಾ 3 ಮಿ.ಮೀ. ತಗಡನ್ನು ಬೆಸೆದರೆ ಶಾಖಕ್ಕೆ ಉಬ್ಬಿ ತಗ್ಗುತ್ತದೆ. ಮಂಕು ಮೈಯಲ್ಲಿ ಆ ಅಲೆ ಮರೆಯಾದೀತು, ಕನ್ನಡಿಯಲ್ಲಿ ಆಗದು. ಜತೆಗೆ ತಿಕ್ಕುವಾಗ ಸವೆಯಲು ಲೋಹ ಉಳಿದಿರಬೇಕು.

ಕ್ಯಾಲಿಫೋರ್ನಿಯಾದ ಓಕ್‌ಲೆಂಡಿನಲ್ಲಿ ಪೂರ್ತಿ ಕಟ್ಟಿ ಹಡಗಿನಲ್ಲಿ ತರುವ ಯೋಚನೆ ಮೊದಲಿತ್ತು. ಅಪಾಯ ಹೆಚ್ಚೆಂದು ಅದನ್ನು ಬಿಟ್ಟು, ಫಲಕಗಳನ್ನು ಲಾರಿಯಲ್ಲಿ ತಂದು ಜಾಗದಲ್ಲೇ ಜೋಡಿಸಿದರು. ಹಾಗಾಗಿ 2004ರ ಜುಲೈಯಲ್ಲಿ ಪಾರ್ಕ್ ತೆರೆದಾಗ ಶಿಲ್ಪ ಮುಗಿದಿರಲಿಲ್ಲ. ಆಮೇಲೆ ಡೇರೆ ಕಟ್ಟಿ ಒಳಗೆ ತಿಕ್ಕುವ ಕೆಲಸ ನಡೆಸಿದರು. ವಿಧ್ಯುಕ್ತವಾಗಿ ಅರ್ಪಣೆಯಾದದ್ದು 2006ರ ಮೇ 15ರಂದು.

ಬೆಸುಗೆಯ ಒಟ್ಟು ಉದ್ದ 2,442 ಅಡಿ, ಅಂದರೆ ಮುಕ್ಕಾಲು ಕಿಲೋಮೀಟರು. ಬಳಸಿದ್ದು ಕೀಹೋಲ್ ವೆಲ್ಡಿಂಗ್. ಇದರಲ್ಲಿ ಆರ್ಕ್, ಅಂದರೆ ಲೋಹ ಕರಗಿಸುವ ವಿದ್ಯುತ್ ಕಿಡಿ, ಸಂದಿಯನ್ನು ಆರುಪಾರು ತೂತು ಮಾಡುತ್ತ ಮುಂದೆ ಸಾಗುತ್ತದೆ, ಕರಗಿದ ಲೋಹ ಹಿಂದಿನಿಂದ ಹರಿದು ಆ ತೂತು ಮುಚ್ಚುತ್ತದೆ. ಫಲಕದ ಪೂರ್ತಿ ದಪ್ಪಕ್ಕೂ ಬೆಸುಗೆ ಕೂರುತ್ತದೆ. ಸಾಮಾನ್ಯ ವೆಲ್ಡಿಂಗ್‌ನಲ್ಲಿ ಪದರದ ಮೇಲೆ ಪದರ ತುಂಬುತ್ತ ಹೋದಂತೆ ಶಾಖ ಏರಿ ಅಂಚುಗಳು ಎಳೆದುಕೊಳ್ಳುತ್ತವೆ. ಆದರೆ ಈ ವಿಧಾನಕ್ಕೆ ಫಲಕದ ಅಂಚುಗಳು ಕರಾರುವಾಕ್ಕಾಗಿ ಕೂಡಬೇಕು. ಸಂದಿ ಅಗಲವಾದರೆ ಕರಗಿದ ಲೋಹ ಕೆಳಗೆ ಸೋರಿ ತಗ್ಗು ಬೀಳುತ್ತದೆ.

ತಗ್ಗು ಬಿದ್ದ ಬೆಸುಗೆಯನ್ನು ಪಾಲಿಶ್ ಸರಿಮಾಡುವುದಿಲ್ಲ, ಇನ್ನಷ್ಟು ಎತ್ತಿ ತೋರಿಸುತ್ತದೆ. ಆದ್ದರಿಂದ ಬೆಸುಗೆ ಯಾವಾಗಲೂ ಮೈಗಿಂತ ತುಸು ಉಬ್ಬಿರಬೇಕು. ಆಮೇಲೆ ಅದನ್ನು ಇಳಿಸುವುದು. ಇಲ್ಲಿ ಆ ಕೆಲಸ ಐದು ಹಂತದಲ್ಲಿ ನಡೆಯಿತು: 40 ಗ್ರಿಟ್‌ನಿಂದ (ಗ್ರಿಟ್ ಅಂದರೆ ಉಜ್ಜುವ ಕಣದ ಅಳತೆ, ಅಂಕಿ ಹೆಚ್ಚಿದಷ್ಟೂ ನಯ) ಶುರುವಾಗಿ, ಮಧ್ಯೆ ಉಜ್ಜುವ ಬೆಲ್ಟಿನಲ್ಲಿ ಬಾಗು ತಿದ್ದಿ, 800 ಗ್ರಿಟ್ ತನಕ ಬಂದು, ಕೊನೆಗೆ ರೂಜ್ ಎಂಬ ನಯವಾದ ಪಾಲಿಶ್ ಹಚ್ಚಿ ಬಫಿಂಗ್, ಅಂದರೆ ಮೆತ್ತನೆಯ ಚಕ್ರದಿಂದ ಹೊಳಪು ಕೊಡುವುದು. ಯಾವುದೇ ವರ್ಕ್‌ಶಾಪಿಗೂ ಇಲ್ಲಿ ಎರಡು ಮಾತು ಅನ್ವಯಿಸುತ್ತವೆ. ಗ್ರಿಟ್ ಬದಲಿಸಿದಾಗಲೆಲ್ಲ ತಿಕ್ಕುವ ದಿಕ್ಕನ್ನು ಅಡ್ಡಕ್ಕೆ ತಿರುಗಿಸಿ. ಹಿಂದಿನ ಗೀರು ಒಂದೂ ಉಳಿದಿಲ್ಲವೆಂದು ಕಂಡಮೇಲೆ ಮುಂದಿನದಕ್ಕೆ ಹೋಗಿ. 120ರ ಗೀರು ಬಿಟ್ಟು 400ಕ್ಕೆ ಹಾರಿದರೆ ಬಫಿಂಗ್ ಆದಮೇಲೆ ಅದು ಬಿಸಿಲಲ್ಲಿ ಕಾಣುತ್ತದೆ, ಆಗ ಮತ್ತೆ 120ಕ್ಕೇ ಇಳಿಯಬೇಕು. ಇನ್ನೊಂದು, ಮಾಮೂಲಿ ಕಬ್ಬಿಣಕ್ಕೆ ಬಳಸಿದ ಗ್ರೈಂಡಿಂಗ್ ಚಕ್ರ ಸ್ಟೇನ್‌ಲೆಸ್ ಮೇಲೆ ತಾಗಲೇಬಾರದು. ಅದರಲ್ಲಿ ಸಿಕ್ಕಿಕೊಂಡ ಕಬ್ಬಿಣದ ಕಣ ಮೈಗೆ ಅಂಟಿ, ಮೊದಲ ಮಳೆಗೇ ಕಂದು ಚುಕ್ಕಿ ಏಳುತ್ತದೆ. “ಸ್ಟೇನ್‌ಲೆಸ್ಸೂ ತುಕ್ಕು ಹಿಡಿಯಿತು” ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ.

ಬೆಸುಗೆ ಸಮವಾಯಿತೇ ಎಂದು ತಿಳಿಯಲು ಅಗ್ಗದ ಉಪಾಯವಿದೆ. ಟ್ಯೂಬ್‌ಲೈಟನ್ನು ಬೆಸುಗೆಗೆ ಅಡ್ಡವಾಗಿ ಹಿಡಿದು ನಿಧಾನ ಸರಿಸಿ, ಪ್ರತಿಬಿಂಬ ನೋಡಿ. ಗೆರೆ ಜೋಡಣೆಯ ಮೇಲೆ ಹಾಯುವಾಗ ಸೊಟ್ಟಗಾದರೆ ಅಲ್ಲಿ ಉಬ್ಬೋ ತಗ್ಗೋ ಇದೆ. ಬೆರಳಿಗೆ ಸಿಗದ್ದು ಇಲ್ಲಿ ಸಿಗುತ್ತದೆ.

ಈ ಶಿಲ್ಪದಲ್ಲಿ ಕಲಿಯಬೇಕಾದ ದೊಡ್ಡ ಸಂಗತಿ ಮಾತ್ರ ಒಳಗಿದೆ. ಎರಡು ದೊಡ್ಡ ಬಳೆಗಳು, ಅವುಗಳ ನಡುವೆ ಪೈಪಿನ ಹಂದರ. ಹೊರಮೈಯನ್ನು ಆ ಹಂದರಕ್ಕೆ ಬಿಗಿಯಾಗಿ ಬೆಸೆದಿಲ್ಲ, ಆಡಲು ಬಿಡುವ ಜೋಡಣೆಗಳಿಂದ ಹಿಡಿದಿದ್ದಾರೆ. ಕಾರಣ ಸರಳ ಗುಣಾಕಾರ. ಈ ಬಗೆಯ ಸ್ಟೀಲ್ ಒಂದು ಮೀಟರಿಗೆ, ಒಂದು ಡಿಗ್ರಿಗೆ 0.016 ಮಿ.ಮೀ. ಹಿಗ್ಗುತ್ತದೆ. ಶಿಕಾಗೋದ ಕಡುಚಳಿಗೂ ಬೇಸಿಗೆಯ ಬಿಸಿಲಿಗೂ ಫಲಕದ ಉಷ್ಣತೆಯಲ್ಲಿ 70 ಡಿಗ್ರಿ ವ್ಯತ್ಯಾಸ ಹಿಡಿದರೆ, 20 ಮೀಟರಿಗೆ 22 ಮಿ.ಮೀ.ಗಿಂತ ಹೆಚ್ಚು. ಬಿಗಿ ಹಿಡಿದಿದ್ದರೆ ಮೈ ಸುಕ್ಕುಗಟ್ಟಬೇಕು, ಇಲ್ಲವೇ ಬೆಸುಗೆ ಬಿರಿಯಬೇಕು. ಬೆಂಗಳೂರಿನ ಹವೆ ಇಷ್ಟು ಕಠಿಣವಲ್ಲ. ಆದರೂ ನಡುಹಗಲಿನ ಬಿಸಿಲಿಗೂ ಮುಂಜಾವಿನ ತಂಪಿಗೂ 45 ಡಿಗ್ರಿ ಅಂತರ ಇಟ್ಟುಕೊಂಡರೆ 5 ಮೀಟರ್ ಶಿಲ್ಪ 3.6 ಮಿ.ಮೀ. ಚಲಿಸುತ್ತದೆ. ಬುಡದ ಒಂದು ಬೋಲ್ಟ್ ಮಾತ್ರ ಗಟ್ಟಿಯಾಗಿರಲಿ, ಉಳಿದವಕ್ಕೆ ಉದ್ದುದ್ದ ತೂತು ಕೊಡಿ. ಮಂಗಳೂರು, ಕಾರವಾರದಂಥ ಕಡಲತೀರಕ್ಕಾದರೆ ಸ್ಟೇನ್‌ಲೆಸ್ ಸ್ಟೀಲಿನ 304 ದರ್ಜೆ ಸಾಲದು, 316ಎಲ್ ದರ್ಜೆ ತೆಗೆದುಕೊಳ್ಳಿ. ಉಪ್ಪುಗಾಳಿಗೆ 304ರ ಮೈ ಚುಕ್ಕಿಚುಕ್ಕಿಯಾಗಿ ಕೊರೆದುಹೋಗುತ್ತದೆ.

ಇನ್ನು ಒರೆಸುವುದು. ಕ್ಲೌಡ್ ಗೇಟಿನ ಕೆಳಗಿನ 6 ಅಡಿಯನ್ನು, ಅಂದರೆ ಕೈಗೆ ಎಟುಕುವಷ್ಟನ್ನು, ದಿನಕ್ಕೆ ಎರಡು ಬಾರಿ ಒರೆಸುತ್ತಾರೆ. ಪೂರ್ತಿ ಮೈಗೆ ವರ್ಷಕ್ಕೆ ಎರಡು ತೊಳೆತ, ಸುಮಾರು 150 ಲೀಟರ್ ದ್ರವ ಸಾಬೂನು. ನಮ್ಮ ಊರುಗಳಲ್ಲಿ ಮುಖ್ಯವಾಗಿ ಕಾಡುವುದು ದೂಳು ಮತ್ತು ಬೋರ್‌ವೆಲ್ ನೀರು. ಒಣಬಟ್ಟೆಯಲ್ಲಿ ಒರೆಸಿದರೆ ದೂಳಿನೊಳಗಿನ ಮರಳು ಕನ್ನಡಿಗೆ ಗೀರು ಹಾಕುತ್ತದೆ, ಆದ್ದರಿಂದ ಮೊದಲು ನೀರು ಹರಿಸಿ. ಆ ನೀರು ಗಡಸಾಗಿದ್ದರೆ ಒಣಗಿದಲ್ಲೆಲ್ಲ ಬಿಳಿ ಕಲೆ ಕೂರುತ್ತದೆ. ಕೊನೆಯ ತೊಳೆತಕ್ಕಾದರೂ ಆರ್‌ಓ ನೀರು ಬಳಸಿ, ಒಣಗುವ ಮೊದಲೇ ರಬ್ಬರ್ ಪಟ್ಟಿಯಿಂದ ಮೇಲಿಂದ ಕೆಳಕ್ಕೆ ಎಳೆಯಿರಿ. ಬ್ಲೀಚಿಂಗ್ ಪುಡಿ, ಆ್ಯಸಿಡ್ ಹತ್ತಿರವೂ ಬರಬಾರದು.