ಮೇ ತಿಂಗಳಲ್ಲಿ ಬದುಕಿದ್ದ ಗಿಡಕ್ಕೇ ಅಂಕ

ಸಿರುಗುಪ್ಪದ ನಮ್ಮ ಶಾಲೆಯ ಹಳಬರು ಕೂಡಿದರೆ ಓಣಿ ಸ್ಪರ್ಧೆಯ ಮಾತು ಬಂದೇ ಬರುತ್ತದೆ. ಯಾರ ಓಣಿ ಚಂದ ಅಂತ ಪೈಪೋಟಿ. ಬಹುಮಾನ ಒಂದು ಸಲಿಕೆ, ಎರಡು ಬುಟ್ಟಿ. ಜುಲೈನಲ್ಲಿ ಸಸಿ ನೆಡುವ ದಿನ ಭಾಷಣವಷ್ಟೇ, ಅಂಕವಿಲ್ಲ. ಅಂಕ ಹಾಕಲು ಮೇಷ್ಟ್ರು ಬರುತ್ತಿದ್ದುದು ಮೇ ತಿಂಗಳ ಬಿಸಿಲಲ್ಲಿ, ಅದೂ ಹೇಳದೆ ಕೇಳದೆ. ಐರ್ಲೆಂಡಿನಲ್ಲಿ 1958ರಲ್ಲಿ ಶುರುವಾದ ‘ಟೈಡಿ ಟೌನ್ಸ್’ ಸ್ಪರ್ಧೆಯಲ್ಲೂ ತೀರ್ಪುಗಾರರು ಹಾಗೆಯೇ ಬಂದು, ಏನು ಸುಧಾರಿಸಬೇಕೆಂದು ಪ್ರತಿ ಊರಿಗೂ ಬರೆದುಕೊಡುತ್ತಾರೆ. ನಮ್ಮಲ್ಲಿ ಮೇಷ್ಟ್ರ ಆ ಬರಹ ಜೂನ್‌ನಲ್ಲಿ ಶಾಲೆ ತೆರೆದ ದಿನ ನೋಟೀಸ್ ಬೋರ್ಡಿಗೆ ಬೀಳುತ್ತಿತ್ತು: ‘ಗಟಾರದಿಂದ ತೆಗೆದ ರಾಡಿ ದಂಡೆಯಲ್ಲೇ ಇದೆ, ಮಳೆ ಬಂದರೆ ಮತ್ತೆ ಒಳಗೇ.’

ಸಸಿ ಸಾಯುವುದಕ್ಕೆ ಅರ್ಧ ಕಾರಣ ಎರೆ ಮಣ್ಣು. ಮಳೆಗೆ ನೀರು ನಿಂತು ಬೇರು ಕೊಳೆಯುತ್ತದೆ, ಬೇಸಿಗೆಗೆ ನೆಲ ಬಿರಿದು ಬೇರು ಹರಿಯುತ್ತದೆ. ಅದಕ್ಕೆ ಎರಡಡಿ ಉದ್ದ, ಅಗಲ, ಆಳದ ತೆಗ್ಗು. ತೆಗೆದ ಮಣ್ಣಿಗೆ ಎರಡು ಬುಟ್ಟಿ ಗರಸು (ಕಲ್ಲುಹರಳಿನ ಮಣ್ಣು), ಒಂದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಹಾಕಿದರೆ ಗೆದ್ದಲಿಗೆ ಊಟ ಇಟ್ಟಂತೆ. ಮಣ್ಣು ಇಳಿಯುತ್ತದೆಂದು ನೆಲಕ್ಕಿಂತ ನಾಲ್ಕು ಇಂಚು ಮೇಲೇ ತುಂಬಬೇಕು.

ಇನ್ನರ್ಧ ಕಾರಣ ನೀರು. ಬೇಸಿಗೆಗೆ ಕಾಲುವೆ ಬಂದ್ ಆದ ಮೇಲೆ ಗೆಲ್ಲಿಸುತ್ತಿದ್ದುದು ಮಡಕೆ. ಐದು ಲೀಟರಿನ ಮಣ್ಣಿನ ಮಡಕೆಯನ್ನು ಸಸಿಯಿಂದ ಒಂದಡಿ ದೂರ, ಬಾಯಿ ಮಾತ್ರ ಕಾಣುವಂತೆ ಹೂಳಬೇಕು. ಮೂರು ನಾಲ್ಕು ದಿನಕ್ಕೊಮ್ಮೆ ತುಂಬಿದರೆ ನೀರು ತಾನೇ ಜಿನುಗುತ್ತದೆ. ಚಂದ ಕಾಣಲೆಂದು ಬಣ್ಣ ಬಳಿದ ಮಡಕೆ ಜಿನುಗುವುದಿಲ್ಲ. ರಾಡಿ ನೀರು ಹಾಕಿದರೆ ರಂಧ್ರ ಕಟ್ಟುತ್ತವೆ, ಬಟ್ಟೆಯಲ್ಲಿ ಸೋಸಬೇಕು. ಬಾಯಿಗೆ ಮುಚ್ಚಳ ಇಲ್ಲದಿದ್ದರೆ ಸೊಳ್ಳೆ ಮರಿ, ಮತ್ತು ಅಂಕ ಕಟ್. ಬುಡಕ್ಕೆ ರೈಸ್‌ಮಿಲ್ಲಿನ ಭತ್ತದ ಹೊಟ್ಟು ಎರಡಿಂಚು ಹರಡಿ ನೀರು ಚಿಮುಕಿಸಬೇಕು, ಇಲ್ಲವಾದರೆ ಗಾಳಿಗೆ ಪಕ್ಕದ ಓಣಿ ಸೇರುತ್ತದೆ.

ಮೇಕೆ ತಡೆಯಲು ಬಳ್ಳಾರಿ ಜಾಲಿಯ ಮುಳ್ಳುಬೇಲಿ. ಜಿಲ್ಲೆಯ ಹೆಸರು ಹೊತ್ತಿದ್ದಕ್ಕೆ ಅದು ಮಾಡಿದ ಒಂದೇ ಉಪಕಾರ. ಕಾಯಿ ಕಿತ್ತೇ ಕಟ್ಟಬೇಕು. ಕಾಯಿ ಬಿದ್ದರೆ ಬೇವಿನ ಸಸಿಯ ತೆಗ್ಗಿನಲ್ಲಿ ಜಾಲಿ ಏಳುತ್ತದೆ.

ಗೋಡೆ ಚಿತ್ರಕ್ಕೆ ನೂರರಲ್ಲಿ ಐದೇ ಅಂಕ. ಅದೂ ಸರಿಯೇ. ತೇವ ಏರಿ ಉಪ್ಪು ಬಿಟ್ಟ ಗೋಡೆಯನ್ನು ತಂತಿ ಬ್ರಷ್‌ನಿಂದ ಉಜ್ಜದೆ ಬಣ್ಣ ಹಚ್ಚಿದವರ ನವಿಲು ದೀಪಾವಳಿಗೆ ಮುಂಚೆಯೇ ಗರಿ ಉದುರಿಸುತ್ತಿತ್ತು.