ಬಂಗಾಯ್ ಕಾರ್ಡಿನಲ್: ಮನೆಯಲ್ಲೇ ಮರಿ ಮಾಡಿಸಬೇಕಾದ ಮೀನು

ಕಡಲ ಮೀನುಗಳನ್ನು ಮನೆಯಲ್ಲಿ ಸಾಕುವವರು ಬಂಗಾಯ್ ಕಾರ್ಡಿನಲ್ ಮೀನನ್ನು ಸಾಮಾನ್ಯವಾಗಿ ಅದರ ಚೆಲುವಿಗೆ ಮನಸೋತು ಕೊಳ್ಳುತ್ತಾರೆ. ಬೆಳ್ಳಿಯ ಮೈ, ಅದರ ಮೇಲೆ ಅಗಲವಾದ ಕಪ್ಪು ಪಟ್ಟೆಗಳು, ರೆಕ್ಕೆ ಮತ್ತು ಬಾಲದ ತುಂಬ ಬಿಳಿಯ ಚುಕ್ಕೆಗಳು, ಜೊತೆಗೆ ನೀರಿನ ನಡುವೆ ಅಲುಗದೆ ನಿಲ್ಲುವ ಗಾಂಭೀರ್ಯ: ಒಮ್ಮೆ ಕಂಡವರು ಇದನ್ನು ಬೇರೆ ಮೀನೆಂದು ತಪ್ಪು ತಿಳಿಯಲಾರರು. ಬೆಂಗಳೂರಿನ ನನ್ನ ಮನೆಯಲ್ಲಿ ಕೆಲವು ವರ್ಷಗಳಿಂದ ಇದನ್ನು ಸಾಕುತ್ತ, ಮರಿ ಮಾಡಿಸುತ್ತ ಬಂದಿದ್ದೇನೆ. ಇದರ ಸಂತಾನೋತ್ಪತ್ತಿಯ ಯಾವ ಗುಣ ಮನೆಯ ತೊಟ್ಟಿಯಲ್ಲಿ ಮರಿಗಳನ್ನು ಪಡೆಯುವುದನ್ನು ಸಾಧ್ಯವಾಗಿಸಿದೆಯೋ, ಅದೇ ಗುಣ ಹುಟ್ಟಿದ ಕಡಲಿನಲ್ಲಿ ಇದನ್ನು ಅಪಾಯಕ್ಕೆ ಒಡ್ಡಿದೆ. ಆದ್ದರಿಂದ ಇದನ್ನು ಸಾಕುವವರು ಮರಿ ಮಾಡಿಸುವ ಹೊಣೆಯನ್ನೂ ಹೊರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಮೀನಿನ ಮೂಲನೆಲೆ ಇಂಡೋನೇಷ್ಯಾದ ಮಧ್ಯ ಸುಲಾವೆಸಿಗೆ ಸೇರಿದ ಬಂಗಾಯ್ ದ್ವೀಪಸಮೂಹ. ಸ್ವೀಡನ್ನಿನ ಸಂಶೋಧಕ ವಾಲ್ಟರ್ ಕೌಡರ್ನ್ 1920ರಲ್ಲಿ ಅಲ್ಲಿಂದ ತಂದ ಮಾದರಿಗಳನ್ನು ಆಧರಿಸಿ ಡಚ್ ವಿಜ್ಞಾನಿ ಕೌಮನ್ಸ್ 1933ರಲ್ಲಿ ಇದನ್ನು ವಿವರಿಸಿ, ಟೆರಾಪೊಗೊನ್ ಕೌಡರ್ನಿ ಎಂದು ಹೆಸರಿಟ್ಟರು. ಆನಂತರ ದಶಕಗಳ ಕಾಲ ವಿಜ್ಞಾನಲೋಕ ಇದನ್ನು ಮರೆತಂತೆಯೇ ಇತ್ತು. 1994ರಲ್ಲಿ ಮೀನುಗಳ ತಜ್ಞ ಜೆರಾಲ್ಡ್ ಆಲೆನ್ ಇದನ್ನು ಮತ್ತೆ ಗುರುತಿಸಿದ ಮೇಲೆ ಅಕ್ವೇರಿಯಂ ವ್ಯಾಪಾರ ಎಷ್ಟು ವೇಗವಾಗಿ ಬೆಳೆಯಿತೆಂದರೆ, 2000ದ ನಂತರದ ಮೊದಲ ಕೆಲವು ವರ್ಷಗಳಲ್ಲಿ ವರ್ಷಕ್ಕೆ ಏಳರಿಂದ ಒಂಬತ್ತು ಲಕ್ಷ ಮೀನುಗಳು ಹಿಡಿಯಲ್ಪಡುತ್ತಿದ್ದವು ಎಂಬ ಅಂದಾಜಿದೆ. ಆ ಕಾಲದಲ್ಲಿ ಕಡಲಿನಲ್ಲಿದ್ದ ಒಟ್ಟು ಸಂಖ್ಯೆಯನ್ನೇ ಸುಮಾರು 24 ಲಕ್ಷವೆಂದು ಲೆಕ್ಕಹಾಕಲಾಗಿತ್ತು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ. 2007ರಲ್ಲಿ ನಿಸರ್ಗ ಸಂರಕ್ಷಣೆಯ ಅಂತಾರಾಷ್ಟ್ರೀಯ ಸಂಸ್ಥೆಯಾದ ಐಯುಸಿಎನ್ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸಲು, ಅಳಿವಿನಂಚಿನ ಜೀವಿಗಳ ವ್ಯಾಪಾರದ ಕುರಿತ ದೇಶಗಳ ಒಪ್ಪಂದವಾದ ಸೈಟಿಸ್ ಸಭೆಗಳಲ್ಲಿ 2007ರಲ್ಲೂ 2016ರಲ್ಲೂ ಮಂಡಿಸಲಾದ ಪ್ರಸ್ತಾವಗಳು ಮಾತ್ರ ಹಿಂದಕ್ಕೆ ಹೋದವು.

ಹೆಚ್ಚಿನ ಕಡಲ ಮೀನುಗಳು ಹಿಡಿದಷ್ಟನ್ನು ಕಾಲಕ್ರಮೇಣ ತುಂಬಿಕೊಳ್ಳಬಲ್ಲವು; ಮೊಟ್ಟೆಯೊಡೆದು ಬರುವ ಅವುಗಳ ಸೂಕ್ಷ್ಮ ಲಾರ್ವಾಗಳು ಪ್ರವಾಹದಲ್ಲಿ ತೇಲಿ, ದೂರದ ಹವಳದ ದಿಬ್ಬಗಳಲ್ಲಿ ನೆಲೆಯೂರುತ್ತವೆ. ಬಂಗಾಯ್ ಕಾರ್ಡಿನಲ್‌ಗೆ ಅಂಥ ತೇಲುವ ಹಂತವೇ ಇಲ್ಲ. ಹೆಣ್ಣು ಇಡುವ ದೊಡ್ಡ ಗಾತ್ರದ, ಸಂಖ್ಯೆಯಲ್ಲಿ ನೂರನ್ನೂ ಮುಟ್ಟದ ಮೊಟ್ಟೆಗಳನ್ನು ಗಂಡು ತನ್ನ ಬಾಯಿಯಲ್ಲಿ ತುಂಬಿಕೊಳ್ಳುತ್ತದೆ. ಸುಮಾರು 20 ದಿನಗಳಲ್ಲಿ ಅವು ಬಾಯೊಳಗೇ ಒಡೆಯುತ್ತವೆ. ಮರಿಗಳು ಇನ್ನೂ ಒಂದು ವಾರಕ್ಕಿಂತ ಹೆಚ್ಚು ಕಾಲ ಅಲ್ಲೇ ಉಳಿದು, ದೊಡ್ಡ ಮೀನಿನ ಪುಟ್ಟ ಪ್ರತಿರೂಪಗಳಾಗಿಯೇ ಹೊರಬರುತ್ತವೆ. ಹೊರಬಂದವು ದೂರ ಹೋಗದೆ, ಹತ್ತಿರದ, ಮೈತುಂಬ ಮುಳ್ಳಿರುವ ಕಡಲಜೀವಿಯಾದ ಸೀ ಅರ್ಚಿನ್‌ನ ಉದ್ದನೆಯ ಮುಳ್ಳುಗಳ ನಡುವೆಯೋ ಹೂವಿನಂತೆ ಕಾಣುವ ಕಡಲಜೀವಿಗಳಾದ ಅನಿಮೋನ್‌ಗಳಲ್ಲೋ ಅಡಗಿ ಬೆಳೆಯುತ್ತವೆ. ಇದರಿಂದಾಗಿ ಕೆಲವೇ ಕಿಲೋಮೀಟರ್ ಅಂತರದ ಗುಂಪುಗಳ ನಡುವೆಯೂ ಆನುವಂಶಿಕ ವ್ಯತ್ಯಾಸ ಕಂಡುಬರುತ್ತದೆ. ಒಂದು ದಿಬ್ಬದ ಮೀನುಗಳನ್ನೆಲ್ಲ ಬಲೆ ಹಾಕಿ ಎತ್ತಿಬಿಟ್ಟರೆ ಪಕ್ಕದ ದಿಬ್ಬದಿಂದ ಬಂದು ತುಂಬುವವರಿಲ್ಲ.

ಆದರೆ ಮನೆಯಲ್ಲಿ ಸಾಕುವವರಿಗೆ ಇದೇ ಗುಣ ಒಂದು ಕೊಡುಗೆ. ಇನ್ನೊಂದು ಜನಪ್ರಿಯ ಜಾತಿಯಾದ ಪೈಜಾಮಾ ಕಾರ್ಡಿನಲ್‌ನ ಗಂಡು ಕೂಡ ಮೊಟ್ಟೆಗಳನ್ನು ಬಾಯಲ್ಲೇ ಹೊರುತ್ತದೆ; ಆದರೆ ಒಂದು ವಾರದ ಆಸುಪಾಸಿನಲ್ಲಿ ಹೊರಬೀಳುವ ಅದರ ಲಾರ್ವಾಗಳು ಎಷ್ಟು ಸೂಕ್ಷ್ಮವೆಂದರೆ, ಅವುಗಳಿಗೆ ತಕ್ಕ ಆಹಾರವನ್ನು ಒದಗಿಸುವುದು ಪ್ರಯೋಗಾಲಯದ ಮಟ್ಟದ ಕೆಲಸ. ಬಂಗಾಯ್‌ನ ಮರಿಯಾದರೋ ಮೊದಲ ದಿನವೇ ಮೊಟ್ಟೆಯಿಂದ ಆಗತಾನೇ ಒಡೆದು ಬಂದ ಆರ್ಟೀಮಿಯಾವನ್ನು (ಉಪ್ಪುನೀರಿನ ಪುಟ್ಟ ಸೀಗಡಿ) ಬೆನ್ನಟ್ಟಿ ನುಂಗುತ್ತದೆ.

ತೊಟ್ಟಿಯ ವಿಷಯದಲ್ಲಿ ಅಸಾಧಾರಣವಾದುದೇನೂ ಬೇಡ. ನೀರಿನ ಉಷ್ಣತೆ 25ರಿಂದ 27 ಡಿಗ್ರಿ ಸೆಲ್ಸಿಯಸ್, ಉಪ್ಪಿನಂಶವನ್ನು ಸೂಚಿಸುವ ಸಾಪೇಕ್ಷ ಸಾಂದ್ರತೆ 1.023ರಿಂದ 1.025, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ, ನೀರಿನ ಸೆಳೆತ ಮಿತವಾಗಿರಬೇಕು. ಬೋರ್‌ವೆಲ್ ನೀರನ್ನು ನೇರವಾಗಿ ಬಳಸದೆ, ಆರ್‌ಓ ನೀರಿಗೆ ಕಡಲ ಅಕ್ವೇರಿಯಂನ ಉಪ್ಪನ್ನು ಬೆರೆಸಬೇಕು. ಆವಿಯಾಗಿ ಕಡಿಮೆಯಾದ ನೀರಿನ ಜಾಗಕ್ಕೆ ಉಪ್ಪಿಲ್ಲದ ನೀರನ್ನೇ ತುಂಬಬೇಕು. ನಮ್ಮೂರಿನಲ್ಲಿ ಕರೆಂಟ್ ಹೋದಾಗ ಏರ್ ಪಂಪ್ ನಿಲ್ಲದಂತೆ ಬ್ಯಾಟರಿಯ ವ್ಯವಸ್ಥೆ ಇರಲೇಬೇಕು.

ಕೊಳ್ಳುವಾಗ ನನ್ನ ಮೊದಲ ಪ್ರಶ್ನೆ ಮೀನು ಕಡಲಿನಿಂದ ಬಂದದ್ದೋ ಸಾಕಣೆಯಿಂದ ಬಂದದ್ದೋ ಎಂಬುದೇ. ಕಡಲಿನಿಂದ ಹಿಡಿದು ತಂದ ಬಂಗಾಯ್‌ಗಳಲ್ಲಿ ಇರಿಡೋವೈರಸ್ ಕಾಣಿಸಿಕೊಳ್ಳುತ್ತದೆ. ಮೀನು ಮಂಕಾಗಿ, ಮೈ ಕಪ್ಪಿಟ್ಟು, ಆಹಾರ ಬಿಟ್ಟು ಸಾಯುತ್ತದೆ, ಅದಕ್ಕೆ ಔಷಧವಿಲ್ಲ. ಎಲ್ಲಿಂದಲೇ ಬಂದಿದ್ದರೂ ಹೊಸ ಮೀನನ್ನು ಕೆಲವು ವಾರ ಪ್ರತ್ಯೇಕವಾಗಿ ಇಟ್ಟು ನೋಡದೆ ಹಳೆಯ ಮೀನುಗಳ ಜೊತೆ ಸೇರಿಸಬಾರದು.

ಗಂಡುಹೆಣ್ಣನ್ನು ಹೊರನೋಟದಿಂದ ಗುರುತಿಸುವುದು ಬಹಳ ಕಷ್ಟ. ಆದ್ದರಿಂದ ನಾಲ್ಕೈದು ಎಳೆಯ ಮೀನುಗಳನ್ನು ಒಟ್ಟಿಗೆ ಬೆಳೆಸಿ, ಅವೇ ಜೋಡಿಯಾಗಲು ಬಿಡುವುದು ಉತ್ತಮ. ಮರಿಗಳಾಗಿದ್ದಾಗ ಸೌಮ್ಯವಾಗಿ ಗುಂಪುಗೂಡಿರುವ ಇವು ಪ್ರಾಯಕ್ಕೆ ಬಂದ ಮೇಲೆ ತೀರಾ ಬೇರೆಯಾಗುತ್ತವೆ. ಜೋಡಿ ಕೂಡಿದ ಎರಡು ಮೀನುಗಳು ಉಳಿದವನ್ನು ಮೂಲೆಗೆ ಅಟ್ಟಿ, ಕಚ್ಚಿ, ಕೊನೆಗೆ ಕೊಂದೇಬಿಡಬಹುದು. ಎರಡು ಮೀನು ಒಂದು ಜಾಗವನ್ನು ಹಿಡಿದು ಉಳಿದವನ್ನು ಓಡಿಸತೊಡಗಿದ ಕೂಡಲೇ ಆ ಉಳಿದವುಗಳಿಗೆ ಬೇರೆ ಮನೆ ಹುಡುಕಬೇಕು. ಜೋಡಿಗೆ ದಿನಕ್ಕೆ ಎರಡು ಬಾರಿ ಮೈಸಿಸ್ ಸೀಗಡಿ ಹಾಗೂ ಸಣ್ಣಗೆ ಕತ್ತರಿಸಿದ ಸೀಗಡಿಯಂಥ ಪುಷ್ಟಿಕರ ಆಹಾರವನ್ನು ಕೊಟ್ಟರೆ ಹೆಣ್ಣು ಮೈತುಂಬಿಕೊಂಡು, ಗಂಡಿನ ಪಕ್ಕಕ್ಕೆ ಬಂದು ಮೈ ನಡುಗಿಸತೊಡಗುತ್ತದೆ. ಈ ಜಾತಿಯಲ್ಲಿ ಮುಂದಾಗುವುದು ಹೆಣ್ಣೇ.

ಮೊಟ್ಟೆ ಹೊತ್ತ ಗಂಡನ್ನು ಗುರುತಿಸಲು ಅಭ್ಯಾಸವಾದ ಕಣ್ಣಿಗೆ ಕ್ಷಣ ಸಾಕು: ಗಲ್ಲದ ಕೆಳಗೆ ಚೀಲ ಇಳಿದಿರುತ್ತದೆ, ಬಾಯಿ ಬಿಗಿದಿರುತ್ತದೆ, ಹಾಕಿದ ಆಹಾರದ ಕಡೆಗೆ ಅದು ತಿರುಗಿಯೂ ನೋಡುವುದಿಲ್ಲ. ಹೆಚ್ಚುಕಡಿಮೆ ಒಂದು ತಿಂಗಳ ಕಾಲ ಅದರ ಉಪವಾಸ ನಡೆಯುತ್ತದೆ. ಗಂಡನ್ನು ಹಿಡಿದು, ಬಾಯಿ ತೆರೆಸಿ ಮರಿಗಳನ್ನು ಹೊರತೆಗೆಯುವ ಪದ್ಧತಿಯನ್ನು ಕೆಲವರು ಅನುಸರಿಸುತ್ತಾರೆ. ಅಷ್ಟು ದಿನ ಹಸಿದ ಪ್ರಾಣಿಯ ಮೇಲೆ ಹೇರುವ ಈ ಹಿಂಸೆಯನ್ನು ನಾನು ಒಪ್ಪುವುದಿಲ್ಲ. ಬೆದರಿದ ಗಂಡು ಮರಿಗಳನ್ನು ನುಂಗಿಬಿಡುವ ಸಾಧ್ಯತೆಯೂ ಇದೆ. ಮೂರನೆಯ ವಾರದ ಕೊನೆಗೆ, ದೀಪ ಆರಿದ ಮೇಲೆ ಮಂದ ಬೆಳಕಿನಲ್ಲಿ ಗಂಡನ್ನು ನೀರಿನ ಸಮೇತ ಪಾತ್ರೆಯಲ್ಲಿ ಎತ್ತಿ ಪಕ್ಕದ ಸಣ್ಣ ತೊಟ್ಟಿಗೆ ಬಿಟ್ಟು, ಅದರ ಪಾಡಿಗೆ ಅದನ್ನು ಬಿಡುವುದೇ ನನ್ನ ಕ್ರಮ. ಮರಿಗಳನ್ನು ಬಿಟ್ಟ ಗಂಡನ್ನು ತಕ್ಷಣ ಹೆಣ್ಣಿನ ಬಳಿಗೆ ಒಯ್ಯಬಾರದು. ಹೆಣ್ಣು ಮುಂದಿನ ಮೊಟ್ಟೆಗಳೊಂದಿಗೆ ಸಿದ್ಧವಾಗಿರುತ್ತದೆ. ಸೊರಗಿದ ಗಂಡು ಇನ್ನೊಂದು ಉಪವಾಸವನ್ನು ತಾಳಲಾರದು. ಅದು ಚೆನ್ನಾಗಿ ತಿಂದು ಮೊದಲಿನ ಮೈಕಟ್ಟಿಗೆ ಬರುವವರೆಗೆ ಬೇರೆಯಾಗಿಯೇ ಇರಲಿ.

ಮರಿಗಳ ತೊಟ್ಟಿಯಲ್ಲಿ ಸ್ಪಂಜ್ ಫಿಲ್ಟರ್ ಸಾಕು. ಅರ್ಚಿನ್‌ನ ಜಾಗದಲ್ಲಿ, ಒಂದು ಪ್ಲಾಸ್ಟಿಕ್ ಚೆಂಡಿಗೆ ಕಪ್ಪು ಕೇಬಲ್ ಟೈಗಳನ್ನು ಸುತ್ತಲೂ ಚುಚ್ಚಿ ಇಟ್ಟರೆ ಮರಿಗಳು ಅದರ ನಡುವೆ ನೆಮ್ಮದಿಯಾಗಿ ನಿಲ್ಲುತ್ತವೆ. ಇಲ್ಲಿ ನಿಜವಾದ ಎಚ್ಚರ ಬೇಕಾದದ್ದು ಆಹಾರದ ಗುಣಮಟ್ಟದಲ್ಲಿ. ಒಡೆದು ಕೆಲವು ಗಂಟೆಗಳಾದ ಆರ್ಟೀಮಿಯಾ ತನ್ನೊಳಗಿನ ಸತ್ವವನ್ನು ತಾನೇ ಕರಗಿಸಿಕೊಂಡಿರುತ್ತದೆ. ಅದನ್ನೇ ತಿಂದು ಬೆಳೆದ ಮರಿಗಳು ಹೊಟ್ಟೆ ತುಂಬಿದಂತೆ ಕಂಡರೂ, ದೀಪ ಹಾಕಿದಾಗಲೋ ಗಾಜಿಗೆ ಕೈ ತಗಲಿದಾಗಲೋ ಗಕ್ಕನೆ ಬೆದರಿ ಸುತ್ತಿ ಬಿದ್ದು ಸಾಯುತ್ತವೆ; ಅಗತ್ಯ ಕೊಬ್ಬಿನಾಮ್ಲಗಳ ಕೊರತೆಯೇ ಇದಕ್ಕೆ ಕಾರಣವೆಂದು ಅನುಭವಿಗಳು ಹೇಳುತ್ತಾರೆ. ಆದ್ದರಿಂದ ಒಡೆದ ಕೂಡಲೇ ಆರ್ಟೀಮಿಯಾವನ್ನು ಕೊಡಬೇಕು. ಇಲ್ಲವೇ ಅದು ಪೊರೆ ಕಳಚಿ, ತಿನ್ನಲು ಬಾಯಿ ತೆರೆದ ಮೇಲೆ, ಒಮೆಗಾ-3 ಕೊಬ್ಬಿನಾಮ್ಲಗಳಿರುವ ದ್ರಾವಣದಲ್ಲಿ ಹಲವು ಗಂಟೆ ಇರಿಸಿ, ತೊಳೆದು ಕೊಡಬೇಕು. ದೀಪವನ್ನು ಒಮ್ಮೆಗೇ ಹೊತ್ತಿಸದೆ, ಮೊದಲು ಕೋಣೆಯ ಬೆಳಕನ್ನು ಬರಗೊಡಬೇಕು.

ಎರಡು ಮೂರು ತಿಂಗಳಲ್ಲಿ ಮರಿಗಳು ಫ್ರೀಜ್ ಮಾಡಿದ ಆಹಾರಕ್ಕೆ ಒಗ್ಗಿಕೊಂಡ ನಂತರವೇ ನಾನು ಅವನ್ನು ಬೇರೆಯವರಿಗೆ ಕೊಡುತ್ತೇನೆ. ಅಣ್ಣತಂಗಿಯರೇ ಜೋಡಿಯಾಗಿ ತಲೆಮಾರುಗಳು ಸಾಗಿದರೆ ವಂಶ ದುರ್ಬಲವಾಗುವುದರಿಂದ, ಒಬ್ಬರಿಗೇ ಒಂದೇ ತಂಡದ ಮರಿಗಳನ್ನು ಜೋಡಿಗೆಂದು ಕೊಡುವುದಿಲ್ಲ. ತಮ್ಮಲ್ಲಿ ಬೇರೆ ಮೂಲದ ಸಾಕಣೆಯ ಮೀನುಗಳಿರುವ ಹವ್ಯಾಸಿಗಳಿದ್ದರೆ, ಹಣಕ್ಕಿಂತ ಮರಿಗೆ ಮರಿಯ ವಿನಿಮಯವೇ ನನಗೆ ಹೆಚ್ಚು ಇಷ್ಟ.