ನೋಟಿಸ್ ಬೋರ್ಡಿನಲ್ಲಿ ಓದಿದ ಹೆಸರು

ನಮ್ಮ ಕಾಲೇಜಿನ ರಾಜ್ಯಶಾಸ್ತ್ರ ವಿಭಾಗದ ನೋಟಿಸ್ ಬೋರ್ಡಿನಲ್ಲಿ ನೋಟಿಸ್‌ಗಿಂತ ಪೇಪರ್ ಕಟಿಂಗ್‌ಗಳೇ ಜಾಸ್ತಿ ಇರುತ್ತಿದ್ದವು. ನಮ್ಮ ಮೇಷ್ಟ್ರು ಬೆಳಿಗ್ಗೆ ಬಂದವರೇ ಬ್ಲೇಡಿನಲ್ಲಿ ಲೇಖನ ಕತ್ತರಿಸಿ, ಗುಂಡುಸೂಜಿ ಚುಚ್ಚಿ, ಅಂಚಿನಲ್ಲಿ ಕೆಂಪು ಇಂಕಿನಲ್ಲಿ ತಾರೀಕು ಬರೆಯುತ್ತಿದ್ದರು. ಪ್ರೊ. ಮುಜಾಫರ್ ಅಸ್ಸಾದಿ ಅವರ ಹೆಸರನ್ನು ನಾನು ಮೊದಲು ಓದಿದ್ದು ಅಲ್ಲೇ.

ಅಸ್ಸಾದಿಯವರು ಉಡುಪಿ ಜಿಲ್ಲೆಯ ಶಿರ್ವದವರು. ದೆಹಲಿಯ ಜೆಎನ್‌ಯುನಲ್ಲಿ ಪಿಎಚ್‌ಡಿ ಮಾಡಿದರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಮುಂದೆ ಅಲ್ಲೇ ಪ್ರಭಾರ ಕುಲಪತಿಯೂ ಆದರು. ಕರ್ನಾಟಕದ ರೈತ ಚಳವಳಿಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದಿದ್ದರು. ಮೇಷ್ಟ್ರು ಅದನ್ನು ಕ್ಲಾಸಿಗೆ ತಂದು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. 1980ರ ನರಗುಂದ, ನವಲಗುಂದದ ರೈತ ಬಂಡಾಯ, ಆಮೇಲೆ ರೈತ ಸಂಘ, ಹಸಿರು ಟವೆಲ್. ಇವೆಲ್ಲ ನಮ್ಮಪ್ಪ ಬದುವಿನ ಮೇಲೆ ಕೂತು ಹೇಳುತ್ತಿದ್ದ ಮಾತುಗಳೇ. ಅವನ್ನು ಓದಿ ಡಿಗ್ರಿ ತಗೋಬಹುದು ಅಂತ ನನಗೆ ಗೊತ್ತೇ ಇರಲಿಲ್ಲ.

ನಮ್ಮೂರು ಎಚ್.ಡಿ. ಕೋಟೆ ತಾಲ್ಲೂಕು. ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಜೇನುಕುರುಬರ ಹುಡುಗ, ಕಾಡಿನ ಬುಡಕಟ್ಟಿನವನು. ಕೊಡಗಿನಲ್ಲಿ ಕಾಫಿ ಕೊಯ್ಲು ಶುರುವಾದರೆ ಅಪ್ಪ ಅಮ್ಮನ ಜೊತೆ ಜೀಪು ಹತ್ತಿ ಹೋಗಿಬಿಡುತ್ತಿದ್ದ. ವಾಪಸ್ ಬರುವ ಹೊತ್ತಿಗೆ ಪರೀಕ್ಷೆ ಹತ್ತಿರ. ಒಂದು ವರ್ಷ ಬರಲೇ ಇಲ್ಲ. ಅವನ ತಾತ ನಾಗರಹೊಳೆ ಕಾಡಿನೊಳಗೆ ರಾಗಿ ಬೆಳೆಯುತ್ತಿದ್ದರಂತೆ. ಆ ಕಾಡಿನಿಂದ ಹೊರಗೆ ಕಳಿಸಿದ ಮೇಲೆ ಇವರಿಗೆ ಗುಡಿಸಲು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

ಆದ್ದರಿಂದಲೇ ಅಸ್ಸಾದಿಯವರ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ನಾಗರಹೊಳೆಯ ವರದಿ. ಚುನಾವಣೆ ಬಂದರೆ ಅವರ ಅಭಿಪ್ರಾಯ ಪೇಪರಿನಲ್ಲಿ ಇರುತ್ತಿತ್ತು, ಟಿವಿಯಲ್ಲೂ ಇರುತ್ತಿತ್ತು. ಅದೂ ಬೇಕು. ಆದರೆ ಕಾಡಿನಿಂದ ಹೊರಬಿದ್ದವರ ಸ್ಥಿತಿ ನೋಡಲು ಹೈಕೋರ್ಟ್ ನೇಮಿಸಿದ ಸಮಿತಿಗೆ ಅವರು ಅಧ್ಯಕ್ಷರಾಗಿದ್ದರು. 2014ರಲ್ಲಿ ವರದಿ ಕೊಟ್ಟರು. 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕು ಅಂತ ಅದರಲ್ಲಿತ್ತು. ಹಾಡಿ ಅಂದರೆ ಬುಡಕಟ್ಟಿನವರ ಕೇರಿ; ಅಷ್ಟು ವರ್ಷ ಸುಮ್ನೆ 'ಹಾಡಿ ಜನ' ಅಂತ ಕರೆಸಿಕೊಂಡವರಿಗೆ ಕೋರ್ಟಿನ ಮುಂದೆ ಒಂದು ಲೆಕ್ಕ ಸಿಕ್ಕಿತು. ರಾಜ್ಯಶಾಸ್ತ್ರ ಓದಿದವರೊಬ್ಬರು ಇದಕ್ಕಿಂತ ಉಪಯೋಗದ ಕೆಲಸ ಮಾಡಿದ್ದನ್ನು ನಾನಂತೂ ಕಂಡಿಲ್ಲ.

ಅದಾದ ಮೇಲೆ ಒಮ್ಮೆ ಊರಿಗೆ ಹೋದಾಗ ಗೆಳೆಯನ ಹಾಡಿಗೆ ಹೋಗಿದ್ದೆ. ಅವನ ಅವ್ವ ಓದು ಬರಹ ಕಲಿತವರಲ್ಲ. ಒಲೆ ಮುಂದೆ ಕೂತು, "ಅಸ್ಸಾದಿ ವರದಿ ಏನಾಯ್ತಪ್ಪ? ನೀನು ಮೈಸೂರಲ್ಲಿ ಓದ್ದೋನಲ್ವಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಫಿ ಕುಡಿದು ತಲೆ ತಗ್ಗಿಸಿ ಕೂತೆ.

2025ರ ಜನವರಿ 4ರಂದು ಅಸ್ಸಾದಿಯವರು ತೀರಿಕೊಂಡರು. ಸಂಜೆ ಮೇಷ್ಟ್ರಿಗೆ ಫೋನ್ ಮಾಡಿದೆ. ರಿಟೈರ್ ಆಗುವಾಗ ಬೋರ್ಡಿನ ಹಳೆಯ ಕಟಿಂಗ್‌ಗಳನ್ನೆಲ್ಲ ಫೈಲಿಗೆ ಹಾಕಿ ಮನೆಗೆ ತಂದಿದ್ದಾರಂತೆ. "ಅವರ ಲೇಖನಗಳನ್ನ ಬೇರೆ ತೆಗೀತಾ ಇದ್ದೀನಿ, ಭಾನುವಾರ ಬಾ" ಅಂದರು. ಹೋಗಿ ಜೆರಾಕ್ಸ್ ಮಾಡಿಸಿಕೊಂಡು ಬಂದೆ. ಕೆಂಪು ಇಂಕಿನ ತಾರೀಕುಗಳು ಕಪ್ಪಾಗಿ ಬಂದಿವೆ. ಒಂದು ಸೆಟ್ ಗೆಳೆಯನ ಮಗಳಿಗೆ. ಅವಳು ಈ ವರ್ಷ ಪಿಯುಸಿ.